ಗುಡ್ಡದ ಮೇಲಿನ ಮಂಜಿಲ್

ಸುರಪುರ ದೂರಕ್ಕೆ ಕಾಣುವ ಊರಲ್ಲ. ಬಯಲಿನಿಂದ ನೋಡಿದರೆ ಬರೀ ಗುಡ್ಡ, ಗುಡ್ಡದ ತುಂಬ ಬಂಡೆ. ಹತ್ತಿರ ಬಂದ ಮೇಲೆ ಆ ಬಂಡೆಗಳ ಸಂದಿಯಿಂದಲೇ ಮನೆ, ಗುಡಿ, ಬಜಾರು, ಅರಮನೆ ಒಂದೊಂದಾಗಿ ಹೊರಬೀಳುತ್ತವೆ. ಇಲ್ಲಿ ಆಳಿದ ಬೇಡ ನಾಯಕರಿಗೆ ಬೇಕಾದದ್ದೂ ಇದೇ ಇರಬೇಕು. ಔರಂಗಜೇಬ ತನ್ನ ಕೊನೆಯ ಮುತ್ತಿಗೆ ಹಾಕಿದ್ದು ಇಲ್ಲಿಗೆ ಹತ್ತಿರದ ವಾಗಣಗೇರಿಗೆ, 1705ರಲ್ಲಿ. ಕೋಟೆ ಸಿಕ್ಕಿತು, ಒಳಗಿದ್ದ ನಾಯಕ ಸಿಗಲಿಲ್ಲ.

ಈ ಬಂಡೆಗಳ ಊರಿಗೆ 1841ರಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಂದ. ಆತ ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ, ಸರ್ಕಾರಿ ಅತಿಥಿಗೃಹವಾಗಿ ಬಾಳಿದೆ. ಅಲ್ಲಿಂದ ಕೆಳಗೆ ನೋಡಿದರೆ ಒಂದು ಮಾತು ಒಪ್ಪಲೇಬೇಕು: ಸಾಹೇಬನಿಗೆ ಜಾಗ ಆರಿಸುವ ಕಣ್ಣಿತ್ತು. ಇಡೀ ಊರು ಕಾಣುತ್ತದೆ. ಊರಿಗೂ ಸಾಹೇಬ ಸದಾ ಕಾಣುತ್ತಿದ್ದ ಎನ್ನುವುದು ಅದರ ಇನ್ನೊಂದು ಮಗ್ಗಲು.

ಟೇಲರ್ ಲಿವರ್‌ಪೂಲಿನಲ್ಲಿ ಹುಟ್ಟಿದ್ದು 1808ರಲ್ಲಿ. ಹದಿನೈದರ ಹುಡುಗ ಮುಂಬಯಿಯ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರಿಯ ಕೈಯೇ ಬರಿದಾಗಿತ್ತು. ಹೊಟ್ಟೆಪಾಡಿಗೆ ನಿಜಾಮನ ಪಡೆ ಸೇರಿದ. ಕಂಪನಿಯ ಸೈನ್ಯವಲ್ಲ, ನಿಜಾಮನದು. ಹಾಗಾಗಿ ದೊಡ್ಡ ಸಾಹೇಬರ ಪಂಕ್ತಿಯಲ್ಲಿ ಕೊನೆಯ ಎಲೆ. ಆ ಕೊರಗು ಅವನಿಗೆ ಕೊನೆತನಕ ಹೋಗಲಿಲ್ಲ. ಆದರೆ ನಮ್ಮ ಪುಣ್ಯ, ಕ್ಲಬ್ಬಿನಲ್ಲಿ ಕೂರಲು ಜಾಗವಿಲ್ಲದವನು ಜನರ ನಡುವೆ ಕೂತ. ಮರಾಠಿ, ಹಿಂದೂಸ್ತಾನಿ, ಫಾರಸಿ ಕಲಿತ. ಹದಿಹರೆಯ ದಾಟುವ ಮೊದಲೇ ಪೊಲೀಸ್ ಕೆಲಸ ಹೆಗಲೇರಿತು. ಠಕ್ಕರ ಜಾಡು ಹಿಡಿಯುವ ಹೊತ್ತಿಗೆ ಸರಿಯಾಗಿ ಪಲ್ಟನ್ನಿಗೆ ವಾಪಸು ಕರೆಸಿಕೊಂಡರು. ಠಕ್ಕರನ್ನು ಅಡಗಿಸಿದ ಹೆಸರು ಸ್ಲೀಮನ್ ಎಂಬ ಇನ್ನೊಬ್ಬ ಅಧಿಕಾರಿಗೆ ಹೋಯಿತು. ಟೇಲರ್‌ಗೆ ಉಳಿದದ್ದು ಕತೆ. 1839ರಲ್ಲಿ ಅದೇ ‘ಕನ್‌ಫೆಷನ್ಸ್ ಆಫ್ ಎ ಠಗ್’ ಕಾದಂಬರಿಯಾಗಿ ಲಂಡನ್ನಿನಲ್ಲಿ ಮನೆಮಾತಾಯಿತು.

ಟೇಲರ್ ಸುರಪುರಕ್ಕೆ ಬಂದಾಗ ಇಲ್ಲಿನ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಗದ್ದುಗೆಯ ಮೇಲೆ ಪುಟ್ಟ ಹುಡುಗ ವೆಂಕಟಪ್ಪ ನಾಯಕ. ಹಿಂದೆ ರಾಣಿ ಈಶ್ವರಮ್ಮ, ಜಗಮೊಂಡಿ ಹೆಂಗಸು. ಸಂಸ್ಥಾನದ ತುಂಬ ಸಾಲ, ನಿಜಾಮನಿಗೆ ಕಟ್ಟಬೇಕಾದ ಬಾಕಿ. ಟೇಲರ್ ಒಬ್ಬನೇ ದಿವಾನ, ತಹಶೀಲ್ದಾರ, ಇಂಜಿನಿಯರ, ನ್ಯಾಯಾಧೀಶ. ಕಾನೂನು ಓದಿದವನಲ್ಲ. ಊರ ಪಂಚರನ್ನು ಕೂರಿಸಿ, ಫಿರ್ಯಾದು ಕೇಳಿ, ನಡುನಡುವೆ ತನ್ನ ಬುದ್ಧಿಯನ್ನೂ ಸೇರಿಸಿ ತೀರ್ಪು ಕೊಟ್ಟ. ಅವನ ಕಾದಂಬರಿಗಳ ಪಾತ್ರಗಳು ತಮ್ಮ ಸಮಜಾಯಿಷಿಯನ್ನು ಅಷ್ಟು ಚೆನ್ನಾಗಿ ಹೇಳಿಕೊಳ್ಳುವುದಕ್ಕೆ ಈ ಕಚೇರಿಯೇ ಕಾರಣ ಎಂದು ನನ್ನ ಗುಮಾನಿ. ಸುಳ್ಳು ಹೇಳುವವನ ಮಾತನ್ನೂ ಪೂರ್ತಿ ಕೇಳಿಸಿಕೊಂಡವನು ಮಾತ್ರ ಹಾಗೆ ಬರೆಯಬಲ್ಲ.

ಬಿಡುವಿದ್ದಾಗ ಆತ ಕಲ್ಲು ಹುಡುಕುತ್ತಿದ್ದ. ರಾಜನಕೋಳೂರಿನ ಕಲ್ಲುಮನೆಗಳನ್ನು ಮೋರೇರೆಂಬ ಗಿಡ್ಡ ಜನ ಕಟ್ಟಿದರೆಂದು ಹಳ್ಳಿಯವರು ಹೇಳಿದ್ದನ್ನು ಬರೆದಿಟ್ಟುಕೊಂಡ, ಅಳತೆ ಹಿಡಿದ, ಚಿತ್ರ ಬರೆದ. ವಿಭೂತಿಹಳ್ಳಿಯ ಬಯಲಲ್ಲಿ ಸಾಲಾಗಿ ಹರಡಿದ ಗುಂಡುಗಲ್ಲುಗಳನ್ನೂ ಬಿಡಲಿಲ್ಲ. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆ ನಾಯಕರ ಕಾಲದ್ದು. ಅದನ್ನು ಸುಧಾರಿಸಿದವನೂ ಇವನೇ. ಇದೆಲ್ಲದರ ನಡುವೆ ಲಂಡನ್ನಿನ ‘ಟೈಮ್ಸ್’ಗೆ ವರದಿ ಬೇರೆ. ಎರಡು ಸಾಲು ಬರೆಯಲು ಪುರುಸೊತ್ತಿಲ್ಲವೆನ್ನುವ ನನ್ನಂಥವರು ಈ ಭಾಗವನ್ನು ಬೇಗ ದಾಟುವುದು ಒಳ್ಳೆಯದು.

ಹುಡುಗ ರಾಜ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಆತನ ಕೈಗಿಟ್ಟು ಟೇಲರ್ ನಳದುರ್ಗದ ಕಡೆ ಹೊರಟ. ಮುಂದೆ ಬಂದದ್ದು ಐವತ್ತೇಳರ ದಂಗೆ, ರಾಜನೂ ಅದಕ್ಕಿಳಿದ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಇಂಗ್ಲಿಷರ ಪಡೆ ಬಂತು, ಕಾಳಗವಾಯಿತು, ತಪ್ಪಿಸಿಕೊಂಡು ಹೋದ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕ. ಜೈಲಿಗೆ ನೋಡಲು ಹೋದ ಟೇಲರ್‌ನನ್ನು ತಬ್ಬಿಕೊಂಡು ಅತ್ತ. ತನ್ನ ಸಂಗಡಿಗರ ಹೆಸರು ಮಾತ್ರ ಹೇಳಲಿಲ್ಲ. ಮರಣದಂಡನೆ ಕರಿನೀರಿಗೆ ಇಳಿಯಿತು, ಅದೂ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂದು ಸರ್ಕಾರ ಹೇಳಿತು, ಟೇಲರ್ ಅದನ್ನೇ ಬರೆದ. ನಂಬದವರು ನಮ್ಮಲ್ಲಿ ಇದ್ದಾರೆ.

ಇಲ್ಲೊಂದು ವಿಚಿತ್ರವಿದೆ. ರಾಜ ಇಪ್ಪತ್ನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆಂದು ಜಾತಕದಲ್ಲಿ ಬರೆದಿತ್ತಂತೆ. ಆ ಗುಟ್ಟನ್ನು ರಾಣಿ ಮತ್ತು ಶಾಸ್ತ್ರಿಯೊಬ್ಬನ ಬಾಯಿಂದ ತಾನು ಎಷ್ಟೋ ವರ್ಷ ಮೊದಲೇ ಕೇಳಿದ್ದೆನೆಂದು ಟೇಲರ್ ಆತ್ಮಕಥೆಯಲ್ಲಿ ಹೇಳುತ್ತಾನೆ. ಶಿಕ್ಷೆ ಇಳಿದಾಗ ಜಾತಕ ಸುಳ್ಳಾಯಿತೆಂದು ನೆಮ್ಮದಿಪಟ್ಟನಂತೆ. ಇರಬಹುದು. ಕಾದಂಬರಿಕಾರ ಮುಪ್ಪಿನಲ್ಲಿ ಕೂತು ನೆನೆದದ್ದು, ಕೈ ತನ್ನ ಹಳೆಯ ಚಾಳಿ ಬಿಟ್ಟಿರಲಿಕ್ಕಿಲ್ಲ. ಆದರೂ ನನಗೆ ಹೊಳೆಯುವುದು ಬೇರೆ: ಗ್ರಹಗಳ ಮೇಲೆ ಹೊರಿಸಿದರೆ ಸರ್ಕಾರದ ಮೇಲೂ ತನ್ನ ಮೇಲೂ ಹೊರಿಸುವುದು ತಪ್ಪುತ್ತದೆ. ಅಷ್ಟು ವರ್ಷ ಊರವರ ಜಬಾಬು ಬರೆದುಕೊಂಡವನು ಆ ಪುಟಗಳಲ್ಲಿ ತನ್ನದೇ ಜಬಾಬು ಕೊಡುತ್ತಿರುವಂತಿದೆ.

ಆತ ಮುಂದೆ 1657, 1757, 1857ರ ಕತೆಗಳೆಂದು ನೂರು ನೂರು ವರ್ಷಕ್ಕೊಂದರಂತೆ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಕಾದಂಬರಿಗಳನ್ನು ಬರೆದ. ಐವತ್ತೇಳರ ಕತೆಯಾದ ‘ಸೀತಾ’ವನ್ನು ಸುರಪುರದಲ್ಲಿ ಇಡಲಿಲ್ಲ. 1860ರಲ್ಲಿ ಆತ ಇಂಗ್ಲೆಂಡಿಗೆ ಮರಳಿದ. ಅದೇ ವರ್ಷ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಉಡುಗೊರೆ ಕೊಟ್ಟರು.