ಬಿಲ್ ಓದೋಣ – 7: ಪರೀಕ್ಷೆ ಬೇರೆ, ಕಾಯಿಲೆ ಬೇರೆ

ನನಗೆ ಗೊತ್ತಿರೋ ಒಬ್ಬಳು ಭದ್ರಾವತಿ ಬಿಟ್ಟು ಶಿವಮೊಗ್ಗಕ್ಕೆ ಬಂದು ರಕ್ತ ಕೊಟ್ಟಳು. ಬಿಲ್ ಮೇಲೆ 'ಹರ್ಪಿಸ್' ಅಂತ ಇರುತ್ತೆ, ಊರಲ್ಲಿ ಪರಿಚಯದವರು ಓದ್ತಾರೆ ಅನ್ನೋ ಭಯ.

ಅಮೆರಿಕದ ಬಿಲ್ಲಲ್ಲಿ ಇದಕ್ಕೆ ಸಿಪಿಟಿ ಕೋಡ್ ಇದೆ: ಟೈಪ್ 1 ಆಂಟಿಬಾಡಿಗೆ 86695, ಟೈಪ್ 2ಕ್ಕೆ 86696, ಟೈಪ್ ಬೇರ್ಪಡಿಸದಿದ್ರೆ 86694. ಬಿಕಾಂ ಮುಗಿಸಿ ಕೋಡಿಂಗ್ ಕೆಲಸಕ್ಕೆ ಹೋಗೋರೇ, ಗಮನಿಸಿ: ಇದು ಯಾವ ಪರೀಕ್ಷೆ ಆಯ್ತು ಅಂತ ಮಾತ್ರ ಹೇಳುತ್ತೆ. ಯಾಕೆ ಮಾಡಿಸಿದ್ರು, ಕಾಯಿಲೆ ಏನು ಅನ್ನೋದಕ್ಕೆ ಐಸಿಡಿ ಕೋಡ್ ಬೇರೆ.

ಐಜಿಜಿ ಪಾಸಿಟಿವ್ ಬಂದ್ರೂ ಯಾರಿಂದ ಬಂತು, ಯಾವಾಗ ಬಂತು ಅಂತ ಅದು ಹೇಳಲ್ಲ. ಟೈಪ್ 1 ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ತಗುಲಿರುತ್ತೆ; ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಲ್ಲಿ, ಜಗತ್ತಿನ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಮಂದಿಗೆ ಟೈಪ್ 1 ಇದೆ.

ನಾಳೆ ನೀವೇ ಬಿಲ್ಲಿಂಗ್ ಸೀಟಲ್ಲಿ ಕೂತಾಗ ಕೋಡ್ ಹಾಕಿ, ಮೊತ್ತ ನೋಡಿ. ಕಥೆ ಕಟ್ಟಬೇಡಿ.