ಷೆಡ್ಡಿನ ಗೋಡೆಯಲ್ಲೊಂದು ಏಸಿ

ಅರಸೀಕೆರೆಯ ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ಕಾರು ನಿಲ್ಲದೆ ಮೂರು ವರ್ಷಗಳಾದುವು. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ನನ್ನ 78 ವರ್ಷದ ಅಕ್ಕನವರಿಗಾಗಿ ಅದನ್ನೇ ಕೋಣೆಯಾಗಿ ಮಾರ್ಪಡಿಸಿದೆವು. ರೋಲಿಂಗ್ ಷಟರ್ ಇದ್ದ ಜಾಗಕ್ಕೆ ಇಟ್ಟಿಗೆ ಗೋಡೆ, ಪಕ್ಕಕ್ಕೊಂದು ಬಾಗಿಲು, ಹಿಂದೆ ಕಿಟಕಿ. ಮಾಡು ಮಾತ್ರ ಹಳೆಯ ತಗಡಿನದೇ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಅದರ ಕೆಳಗೆ ಅಕ್ಕನವರಿಗೆ ಎರಡು ಬಾರಿ ತಲೆ ಸುತ್ತು ಬಂದಿತು. ಈ ವಯಸ್ಸಿನಲ್ಲಿ ಶಾಖವನ್ನು ಹಗುರವಾಗಿ ಎಣಿಸಬಾರದೆಂದು ವೈದ್ಯರು ಎಚ್ಚರಿಸಿದರು. ವಿಷಯ ತಿಳಿದ ಮಗ ಬೆಂಗಳೂರಿನಿಂದ ತನ್ನ ಹಳೆಯ ಕಿಟಕಿ ಏಸಿಯನ್ನು ಕಳುಹಿಸಿಯೇ ಬಿಟ್ಟ.

ಅಕ್ಕನವರು ಒಪ್ಪಲಿಲ್ಲ. "ಮಂಕರಿ ಕೆಳಗೆ ಕೋಳಿ ಮುಚ್ಚಿದ ಹಾಗೆ ನನ್ನ ಮುಚ್ಚಬೇಡ ಕಣೋ" ಎಂದರು.

ಅವರ ಮಾತನ್ನು ಹಟವೆಂದು ತಳ್ಳಿಹಾಕುವಂತಿರಲಿಲ್ಲ. ಅವರು ಬಾಳಿದ್ದು ಬೇಲೂರಿನ ತೊಟ್ಟಿ ಮನೆಯಲ್ಲಿ. ಬೇಸಿಗೆಯಲ್ಲಿ ಹೊತ್ತು ಕಳೆಯುತ್ತಿದ್ದುದು ಚೆನ್ನಕೇಶವನ ನವರಂಗದಲ್ಲಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಅದು ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಈಗ ನಾವು ಕಾಣುವ ಜಾಲಂಧ್ರಗಳು ಸೇರಿದ್ದು ಆನಂತರ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಬಳಪದ ಕಲ್ಲಿನ ಆ ತೂತುಗಳು ಬಿಸಿಲನ್ನು ಚೂರು ಮಾಡಿ ಒಳಗೆ ಬಿಡುತ್ತವೆ, ಗಾಳಿಗೆ ಅಡ್ಡಿಪಡಿಸುವುದಿಲ್ಲ. ಹಳೇಬೀಡಿನಲ್ಲೂ ಅದೇ ಉಪಾಯ. ನಮ್ಮೂರಿನ 1220ರ ಶಿವಾಲಯದ ಮುಂದಿನ ನಕ್ಷತ್ರಾಕಾರದ ಮಂಟಪಕ್ಕಂತೂ ಇಂದಿಗೂ ಜಾಲಂಧ್ರವಿಲ್ಲ, ತೆರೆದೇ ಇದೆ. ಏಸಿ ಬೇಡುವುದು ಇದಕ್ಕೆ ತದ್ವಿರುದ್ಧ: ಗೋಡೆಯಲ್ಲಿ ಅದಕ್ಕೊಂದು ತೂತು ಇರಬೇಕು, ಉಳಿದೆಲ್ಲ ಸಂದುಗಳೂ ಮುಚ್ಚಿರಬೇಕು.

ಈ ಯಂತ್ರ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಂದು ಟನ್ ಏಸಿ ಎಂದರೆ ಅದರ ತೂಕವಲ್ಲ. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಹೀರಿಕೊಳ್ಳುವಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಸುಮಾರು 3.5 ಕಿಲೋವ್ಯಾಟ್. (ಗುಪ್ತೋಷ್ಣದ ಪಾಠ ಮಾಡಿದವನಿಗೆ ಇಷ್ಟನ್ನು ಹೇಳದೆ ಮುಂದೆ ಹೋಗಲಾಗದು, ಕ್ಷಮಿಸಿ.)

ಗಾರೆ ಮೇಸ್ತ್ರಿ, "ಮೇಷ್ಟ್ರೇ, ಪಕ್ಕದ ಕಲ್ಲುಗೋಡೆ ಗಟ್ಟಿ, ಅಲ್ಲೇ ಒಡೆಯೋಣ" ಎಂದರು. ಏಸಿ ಮೆಕ್ಯಾನಿಕ್ ಯುವಕ ಬೇಡವೆಂದ. ಕಿಟಕಿ ಏಸಿಯ ಹಿಂಭಾಗದ ಎರಡೂ ಪಕ್ಕಗಳಲ್ಲಿ ಗಾಳಿಯ ಸೀಳುಗಳಿರುತ್ತವೆ. ಒಂದೂವರೆ ಅಡಿ ದಪ್ಪದ ಗೋಡೆಯೊಳಗೆ ಅವು ಹೂತುಹೋದರೆ ಯಂತ್ರ ಉಸಿರಾಡಲಾರದೆ ಬಿಸಿಯಾಗುತ್ತದೆ. ಗೋಡೆಯೊಳಗೇ ಕೂರುವಂತೆ, ಹಿಂದಿನಿಂದಷ್ಟೇ ಉಸಿರಾಡುವ ಬೇರೆ ಮಾದರಿಗಳುಂಟು, ನಮ್ಮದು ಅದಲ್ಲ. ಆದ್ದರಿಂದ ಷಟರ್ ಜಾಗದ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯನ್ನೇ ಆರಿಸಿಕೊಂಡೆವು. ಮೇಲೆ ಲಿಂಟಲ್ ಇಟ್ಟು, ಮರದ ಚೌಕಟ್ಟು ಕೂರಿಸಿ, ಹೊರಗಿನ ಭಾರಕ್ಕೆ ಕಬ್ಬಿಣದ ಆಂಗಲ್ ಆಧಾರ ಕೊಟ್ಟು, ನೀರು ಒಳಗೆ ಬಾರದಂತೆ ಹಿಂದಕ್ಕೆ ತುಸು ಇಳಿಜಾರು ಮಾಡಿದರು. ಮೀಟರ್ ಬೋರ್ಡಿನಿಂದ ಪ್ರತ್ಯೇಕ ತಂತಿ, ಎಂ.ಸಿ.ಬಿ., ಅರ್ತಿಂಗ್ ಬಂದುವು. ಮೂಲೆಯಲ್ಲಿದ್ದ ಸ್ಕೂಟರನ್ನು ಹೊರಗೆ ಹಾಕಿಸಿದೆ. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲಿನ ಹಬೆ ಇರಕೂಡದು.

ಇದಕ್ಕೂ ಮೊದಲು ನಾನು ಹಟ ಹಿಡಿದು ಮಾಡಿಸಿದ್ದು ಮಾಡಿನ ಕೆಲಸ. ತಗಡಿಗೆ ಬಿಳಿ ಬಣ್ಣ ಬಳಿಸಿ, ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದೆ. ಕಾದ ತಗಡಿನ ಕೆಳಗೆ ಏಸಿ ಓಡಿಸುವುದೆಂದರೆ ತೂತು ಬಿಂದಿಗೆಗೆ ನೀರು ಸೇದಿದಂತೆ.

ಕೊನೆಗೆ ಅಕ್ಕನವರು ಒಂದು ಕರಾರಿನ ಮೇಲೆ ಒಪ್ಪಿದರು: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ, ಅದೂ 27 ಡಿಗ್ರಿಯಲ್ಲಿ. ಈ ಬೇಸಿಗೆಯಲ್ಲಿ ಅವರಿಗೆ ಮತ್ತೆ ತಲೆ ಸುತ್ತು ಬಂದಿಲ್ಲ. ನಾಲ್ಕು ಹೊಡೆದೊಡನೆ ತಾವೇ ಎದ್ದು ಯಂತ್ರವನ್ನು ಆರಿಸಿ, ಬಾಗಿಲು ಕಿಟಕಿ ಎರಡನ್ನೂ ತೆರೆದಿಡುತ್ತಾರೆ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಹೊರಗೆ ಬಕೆಟ್ ಇಡಿಸಿದ್ದಾರೆ; ಸಂಜೆ ಅದು ಕರಿಬೇವಿನ ಗಿಡದ ಪಾಲು.