ಮನೆಯ ಎರಡು ಬೈಸಿಕಲ್ಲುಗಳು

ಹೊಳಲ್ಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಈ ಬೇಸಗೆಯವರೆಗೆ ಎರಡು ಬೈಸಿಕಲ್ಲುಗಳಿದ್ದುವು. ಒಂದು ನಮ್ಮ ತೀರ್ಥರೂಪರು 1961ರಲ್ಲಿ ಕೊಂಡ ಉಕ್ಕಿನದು. ಇನ್ನೊಂದು ನಮ್ಮ ಚಿರಂಜೀವಿಯು 2016ರಲ್ಲಿ ಬೆಂಗಳೂರಿನಿಂದ ತಂದ ಅಲ್ಯೂಮಿನಿಯಮ್ಮಿನದು. ಜಾಗ ಸಾಲದೆ ಒಂದನ್ನು ಗುಜರಿಗೆ ಹಾಕಬೇಕೆಂದು ಮನೆಯವರು ಹಟ ಹಿಡಿದರು. ಹಳೆಯದೇ ಹೋಗತಕ್ಕದ್ದೆಂದು ಎಲ್ಲರೂ ಎಣಿಸಿದ್ದರು. ನಿಜ ಹೇಳುವುದಾದರೆ ನಾವೂ ಎಣಿಸಿದ್ದೆವು.

ತೀರ್ಥರೂಪರು ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಅವರನ್ನೂ, ರಜಾದಿನಗಳಲ್ಲಿ ತೋಟದ ತೆಂಗಿನಕಾಯಿಯ ಮೂಟೆಗಳನ್ನೂ ಆ ಗಾಡಿ ಹೊತ್ತು ತಿರುಗಿತು. ಒಮ್ಮೆ ಎತ್ತಿನ ಗಾಡಿಗೆ ತಗಲಿ ಮುಂದಿನ ಫೋರ್ಕು ಬಾಗಿದಾಗ ಅಂಗಡಿಯವನು ಅದನ್ನು ಎಳೆದು ನೆಟ್ಟಗೆ ಮಾಡಿ ಕೊಟ್ಟನು. ಮುರಿಯುವ ಮೊದಲು ಬಾಗಿ ಎಚ್ಚರಿಸುವುದು ಇಂತಹ ಉಕ್ಕಿನ ಗುಣ.

ಲೋಹಕ್ಕೂ ದಣಿವುಂಟೆಂಬುದನ್ನು ಜರ್ಮನಿಯ ಆಗಸ್ಟ್ ವೋಲರ್ ಎಂಬವರು 1850–60ರ ದಶಕಗಳಲ್ಲಿ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ ತೋರಿಸಿದರು. ಒಂದು ಮಿತಿಯೊಳಗಿನ ಭಾರವು ಎಷ್ಟು ಲಕ್ಷ ಸಲ ಬಿದ್ದರೂ ಉಕ್ಕು ದಣಿಯದು. ಅಲ್ಯೂಮಿನಿಯಮ್ಮಿಗೆ ಅಂತಹ ಮಿತಿಯಿಲ್ಲ; ಗುಂಡಿಗೆ ಇಳಿದ ಪ್ರತಿ ಸಲವೂ ಅದರ ಲೆಕ್ಕಕ್ಕೆ ಸೇರುತ್ತದೆ. ತೂಕದಲ್ಲಿ ಅದು ಉಕ್ಕಿನ ಮೂರನೆಯ ಒಂದು ಪಾಲು, ಬಿಗುವಿನಲ್ಲಿಯೂ ಅಷ್ಟೆ. ಆದುದರಿಂದಲೇ ಅದರ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ. ಹೀಗೆ ಮಾಡಿದ ಗಾಡಿಯು ತಕ್ಕ ಭಾರಕ್ಕೆ ಬಹುಕಾಲ ಬಾಳುವುದು. ನಾವೋ ಅದರ ಹಿಂದೆ ಶೇಂಗಾ ಮೂಟೆ ಕಟ್ಟಿದೆವು! ಸೀಟಿನ ಕೆಳಗೆ, ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಂತಹ ಬಿರುಕು ಕಾಣಿಸಿತು. ಚಿತ್ರದುರ್ಗದಲ್ಲಿ ಎರಡು ಕಡೆ ವಿಚಾರಿಸಿದೆವು. "ಬೆಸುಗೆ ಹಾಕಬಹುದು ಸ್ವಾಮಿ, ಆದರೆ ಬಿಸಿಗೆ ಸುತ್ತಲಿನ ಲೋಹದ ಬಲ ಹೋಗುತ್ತದೆ. ಮತ್ತೆ ಹದ ಕೊಡುವ ಒಲೆ ನಮ್ಮಲ್ಲಿಲ್ಲ" ಎಂದರು.

ಕಾರ್ಬನ್ ನಾರಿನದೂ ಉಂಟು. ತುಕ್ಕು ಹಿಡಿಯದು, ಸುಲಭವಾಗಿ ದಣಿಯದು, ಆದರೆ ಬಿದ್ದ ಪೆಟ್ಟನ್ನು ಒಳಗೇ ಬಚ್ಚಿಟ್ಟುಕೊಳ್ಳಬಲ್ಲುದು. ಟೈಟೇನಿಯಮ್ಮಿನ ಬೆಲೆ ಕೇಳಿಯೇ ನಾವು ಸುಮ್ಮನಾದೆವು.

ಇಷ್ಟೆಲ್ಲ ತಿಳಿದು ಉಕ್ಕಿನ ಪಕ್ಷ ಹಿಡಿದ ನಮಗೆ ಬುದ್ಧಿ ಬರುವುದು ಇನ್ನೂ ಇತ್ತು. ತೀರ್ಥರೂಪರು ತೀರಿಕೊಂಡ ಮೇಲೆ ಆ ಗಾಡಿಯನ್ನು ಹಿರಿಯೂರಿನ ನಂಟರ ತೋಟದಲ್ಲಿ ಬಿಟ್ಟಿದ್ದೆವು. ಹಿರಿಯೂರಿನದು ಒಣ ಹವೆ. ತುಕ್ಕಿನ ಭಯವೆಲ್ಲಿ ಎಂದುಕೊಂಡೆವು. 2022ರಲ್ಲಿ, 1933ರ ತರುವಾಯ ಮೊದಲ ಸಲ, ವಾಣಿವಿಲಾಸ ಸಾಗರ ಕೋಡಿ ಬಿದ್ದ ಆ ಮಳೆಗಾಲವೆಲ್ಲ ಅದು ಸೋರುವ ಸೂರಿನ ಕೆಳಗೆ ನಿಂತಿತ್ತು. ಮೇಲೆ ಬಣ್ಣ ಹಾಗೆಯೇ ಇತ್ತು. ಈಗ ಸೀಟಿನ ಕಂಬಿಯನ್ನು ಕಿತ್ತು ಗಾಡಿಯನ್ನು ತಲೆಕೆಳಗು ಮಾಡಿದರೆ ಒಂದು ಬೊಗಸೆ ತುಕ್ಕಿನ ಪುಡಿ ಉದುರಿತು. ಅಂಗಡಿಯವನು ಸಣ್ಣ ಸುತ್ತಿಗೆಯಿಂದ ಕೊಳವೆಗಳನ್ನು ತಟ್ಟಿ ನೋಡಿದನು. ಪೆಡಲಿನ ಬಳಿಯದೊಂದು ಮಾತ್ರ ಮಂದವಾಗಿ ಸದ್ದು ಮಾಡಿತು. ಅವನು ಅದನ್ನು ಕತ್ತರಿಸಿ, ಬೇರೊಂದು ಹಳೆಯ ಗಾಡಿಯ ತುಂಡನ್ನು ಹಿತ್ತಾಳೆಯಿಂದ ಬೆಸೆದನು. ಒಳಗೆ ಎಣ್ಣೆ ಸುರಿದು, ನೀರು ಬಸಿಯಲು ಅಡಿಯಲ್ಲೊಂದು ತೂತು ಮಾಡಿ ಕೊಟ್ಟನು.

ಅಲ್ಯೂಮಿನಿಯಮ್ಮಿನದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಚಿರಂಜೀವಿಯು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಸಂಜೆ ಹಾಲು ತರಲು ತಾತನ ಗಾಡಿಯನ್ನೇ ಹತ್ತಿ ಹೋದನು.